ಹೆರಿಗೆಯ ಖರ್ಚು ಯಾರ ಖಾತೆಗೆ?

ನಮ್ಮ ಸಂಘದ ಈ ವರ್ಷದ ಚರ್ಚಾಸ್ಪರ್ಧೆಗೆ ಇಟ್ಟ ವಿಷಯ, “ದೇಶಕ್ಕೆ ಮೊದಲು ಬೇಕಾದದ್ದು ಬಂದೂಕೋ, ತೊಟ್ಟಿಲೋ?” ಬಂದೂಕಿನ ಪಕ್ಷದವರು ಗಡಿ, ಶತ್ರು, ಹುತಾತ್ಮರು ಎಂದು ಗುಡುಗಿದರು. ತೊಟ್ಟಿಲಿನ ಪಕ್ಷದವರು ತಾಯಿ, ಮಮತೆ, ಕಣ್ಣೀರು ಎಂದು ಸಭೆಯನ್ನು ಕರಗಿಸಿದರು. ಎರಡೂ ಕಡೆಗೆ ಚಪ್ಪಾಳೆ ಬಿತ್ತು. ಆದರೆ ಎರಡು ತಾಸಿನ ಆ ವಾಗ್ಯುದ್ಧದಲ್ಲಿ ಒಂದೇ ಒಂದು ಅಂಕಿ ಯಾರ ಬಾಯಿಂದಲೂ ಬರಲಿಲ್ಲ! ಖರ್ಚಿನ ಮಾತನ್ನು ಖರ್ಚಿನ ಪುಸ್ತಕ ತೆರೆಯದೆ ತೀರ್ಮಾನಿಸುವುದು ಹೇಗೆ? ಬಿ.ಕಾಂ. ಓದುವ ನನ್ನಂಥವಳಿಗೆ ಇದು ಅರಗದ ಮಾತು. ಅದಕ್ಕೇ ಈ ಲೇಖನ.

ವಿಷಯವನ್ನು ಇಟ್ಟ ರೀತಿಯ ಬಗ್ಗೆಯೂ ನನ್ನದೊಂದು ತಕರಾರಿದೆ. ಬಂದೂಕು ಬೇಕೆನ್ನುವವರು ತೊಟ್ಟಿಲು ಬೇಡವೆನ್ನಬೇಕು, ತೊಟ್ಟಿಲು ಬೇಕೆನ್ನುವವರು ಬಂದೂಕನ್ನು ಹಳಿಯಬೇಕು ಅಂತ ಯಾರು ಕಾಯಿದೆ ಮಾಡಿದ್ದಾರೆ? ಎರಡನ್ನೂ ಬೇಕೆಂದ ಶಾಸಕರೊಬ್ಬರು ನಮ್ಮ ಈ ಮುಂಬಯಿಯಲ್ಲೇ ಇದ್ದರು. ಅವರು ಡಾ. ಬಿ. ಆರ್. ಅಂಬೇಡ್ಕರ್. ಪರೇಲಿನ ಬಿ.ಐ.ಟಿ. ಚಾಳಿನಲ್ಲಿ, ಗಿರಣಿ ಕೆಲಸಗಾರರ ನಡುವೆ ವರ್ಷಗಟ್ಟಲೆ ಸಂಸಾರ ಮಾಡಿದವರು. ನಾನು ಏಳನೆಯವರೆಗೆ ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅಲ್ಲಿ ನಮಗೆ ಅಂಬೇಡ್ಕರ್ ಎಂದರೆ ‘ಸಂವಿಧಾನದ ಶಿಲ್ಪಿ’ ಎಂಬ ಒಂದು ಸಾಲಿನ ಉತ್ತರ. ಬರೆದರೆ ಒಂದು ಮಾರ್ಕು. ಸಂವಿಧಾನಕ್ಕೆ ಎರಡು ದಶಕ ಮೊದಲೇ ಅವರು ಶಾಸಕರಾಗಿ ಏನು ವಾದಿಸಿದರು ಎಂಬುದು ಆ ಒಂದು ಮಾರ್ಕಿನಲ್ಲಿ ಇರಲಿಲ್ಲ.

ಸಂಗತಿ ಹೀಗಿದೆ. ಹೆರಿಗೆಯ ಸಮಯದಲ್ಲಿ ಕೂಲಿ ಹೆಂಗಸರಿಗೆ ಸಂಬಳಸಹಿತ ವಿಶ್ರಾಂತಿ ಸಿಗಬೇಕೆಂದು ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರು 1924ರಲ್ಲಿ ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಒಂದು ಮಸೂದೆ ತಂದರು. ಅದು ಬಿದ್ದುಹೋಯಿತು. ನಾಲ್ಕು ವರ್ಷದ ನಂತರ ಮುಂಬಯಿ ಪ್ರಾಂತದ ಶಾಸನಸಭೆಗೆ ಅಂಥದೇ ಮಸೂದೆ ಬಂತು. ಆಗಿನ ಮುಂಬಯಿ ಪ್ರಾಂತವೆಂದರೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳೂ ಸೇರಿದ ಪ್ರಾಂತ. ಅಂಬೇಡ್ಕರ್ ಅಲ್ಲಿ ನಾಮಕರಣಗೊಂಡ ಸದಸ್ಯರು. 1928ರ ಜುಲೈ 28ರಂದು ಅವರು ಎದ್ದು ನಿಂತು ಈ ಮಸೂದೆಗೆ ಬೆಂಬಲ ಕೊಟ್ಟರು.

ಅವರ ವಾದದ ಮೆಟ್ಟಿಲುಗಳನ್ನು ಗಮನಿಸಿ. ಹೆರಿಗೆಗೆ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಕ್ಕರೆ ಲಾಭ ಇಡೀ ರಾಷ್ಟ್ರಕ್ಕೆ. ಜನರ ಯೋಗಕ್ಷೇಮ ಮೊದಲನೆಯದಾಗಿ ಸರಕಾರದ ಹೊಣೆ. ಆದ್ದರಿಂದ ಈ ಖರ್ಚಿನ ದೊಡ್ಡ ಪಾಲು ನ್ಯಾಯವಾಗಿ ಸರಕಾರವೇ ಹೊರತಕ್ಕದ್ದು. ಬೇರೆ ದೇಶಗಳಲ್ಲಿ ಇಂಥ ಕಾಯಿದೆ ಬಂದಲ್ಲೆಲ್ಲ ಸರಕಾರದ ಪಾಲೂ ಇದೆ. ಹಾಗೆಂದು ಮಾಲಿಕ ಕೈತೊಳೆದುಕೊಳ್ಳುವಂತಿಲ್ಲ. ಕೆಲವು ಕೆಲಸಕ್ಕೆ ಗಂಡಸಿಗಿಂತ ಹೆಂಗಸನ್ನು ಇಟ್ಟುಕೊಂಡರೆ ತನಗೆ ಹೆಚ್ಚು ಲಾಭ ಎಂದು ಕಂಡೇ ಅವನು ಹೆಂಗಸರನ್ನು ಇಟ್ಟುಕೊಳ್ಳುತ್ತಾನೆ. ಲಾಭ ತಿನ್ನುವವನು ಅದರ ಖರ್ಚಿನಲ್ಲೂ ಒಂದು ಪಾಲು ಕೊಡಲಿ.

ಎಷ್ಟು ಶುದ್ಧವಾದ ಜಮಾಖರ್ಚು ನೋಡಿ! ಯಾರಿಗೆ ಲಾಭವೋ ಅವರಿಗೆ ಖರ್ಚು. ದೇಶಕ್ಕೆ ದೊಡ್ಡ ಲಾಭ, ದೇಶಕ್ಕೆ ದೊಡ್ಡ ಖರ್ಚು. ಮಾಲಿಕನಿಗೆ ಒಂದು ಪಾಲು ಲಾಭ, ಅವನಿಗೆ ಒಂದು ಪಾಲು ಖರ್ಚು. ಕರುಣೆ ಎಂಬ ಶಬ್ದವನ್ನು ಇಲ್ಲಿ ಸೇರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

1929ರಲ್ಲಿ ಕಾಯಿದೆಯೇನೋ ಬಂತು, ದೇಶದಲ್ಲೇ ಇಂಥ ಮೊದಲ ಕಾಯಿದೆ. ಗಿರಣಿಯ ಬಾಣಂತಿಗೆ ದಿನಕ್ಕೆ ಎಂಟಾಣೆ ಎಂದು ನಿಗದಿಯಾಯಿತು. ಆದರೆ ಆ ಎಂಟಾಣೆಯನ್ನು ಪೂರ್ತಿ ಕೊಡಬೇಕಾದವನು ಮಾಲಿಕ. ಸರಕಾರದ ‘ದೊಡ್ಡ ಪಾಲು’ ಕಾಗದದ ಮೇಲೂ ಬರಲಿಲ್ಲ. ಅಂಬೇಡ್ಕರ್ ಹೇಳಿದ್ದರಲ್ಲಿ ಅರ್ಧ ಮಾತ್ರ ಕಾಯಿದೆಯಾಯಿತು. ಉಳಿದರ್ಧ ಇವತ್ತಿಗೂ ಬಾಕಿ ಖಾತೆಯಲ್ಲಿದೆ. ನನ್ನ ಲೇಖನವೆಲ್ಲ ಆ ಬಾಕಿಯ ಬಗ್ಗೆಯೇ.

ಪೂರ್ತಿ ಹೊರೆಯನ್ನು ಮಾಲಿಕನ ತಲೆಗೇ ಕಟ್ಟಿದರೆ ಏನಾಗುತ್ತದೆ? ಮಾಲಿಕ ಧರ್ಮಛತ್ರ ನಡೆಸುವವನಲ್ಲ, ಲೆಕ್ಕ ಹಾಕುತ್ತಾನೆ. 1920ರ ದಶಕದಲ್ಲಿ ಮುಂಬಯಿಯ ಬಟ್ಟೆಗಿರಣಿಗಳಲ್ಲಿ ಐವರು ಕೆಲಸಗಾರರಲ್ಲಿ ಒಬ್ಬರಷ್ಟು ಹೆಂಗಸರಿದ್ದರು. ಸ್ವಾತಂತ್ರ್ಯ ಬರುವ ಹೊತ್ತಿಗೆ ಆ ಪಾಲು ಅರ್ಧಕ್ಕಿಳಿದಿತ್ತು. 1982ರ ದೊಡ್ಡ ಮುಷ್ಕರದ ಹೊತ್ತಿಗೆ ಗಿರಣಿಯಲ್ಲಿ ಹೆಂಗಸು ಅಪರೂಪವೇ ಆಗಿದ್ದಳು. ಎಲ್ಲ ದೋಷವನ್ನೂ ಹೆರಿಗೆಯ ಕಾಯಿದೆಯ ಮೇಲೆ ಹೊರಿಸಿದರೆ ಅದು ಅನ್ಯಾಯ. ನೂಲು ಸುತ್ತುವ ಖಾತೆಗಳಿಗೆ ಹೊಸ ಯಂತ್ರ ಬಂತು. ರಾತ್ರಿಪಾಳಿ ಹೆಚ್ಚಿತು, ರಾತ್ರಿಪಾಳಿಗೆ ಹೆಂಗಸರನ್ನು ಇಡುವಂತಿರಲಿಲ್ಲ. ಆದರೂ ‘ಹೆಂಗಸು ಅಂದರೆ ಖರ್ಚು ಜಾಸ್ತಿ’ ಎಂಬ ಮಾಲಿಕರ ಲೆಕ್ಕವೂ ಅದರಲ್ಲಿ ಸೇರಿತ್ತು ಎಂಬುದನ್ನು ಅಲ್ಲಗಳೆಯಲಾಗದು.

ಇದು ಹಳೇ ಕತೆ ಅಂತ ಪುಟ ತಿರುಗಿಸಬೇಡಿ. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರದ ರಜೆ ಕೊಟ್ಟಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿ ಹಳೆಯ ಕಾಯಿದೆ ಅದರೊಳಗೆ ಸೇರಿಕೊಂಡಿತು. ಹೆಸರು ಬದಲಾಯಿತು, ವಾರಗಳು ಹೆಚ್ಚಾದವು, ಸಂತೋಷ. ಹಣ ಕೊಡುವವನು ಮಾತ್ರ 1929ರವನೇ, ಮಾಲಿಕ! ಹನ್ನೆರಡು ಜನರ ಒಂದು ಸಣ್ಣ ಆಫೀಸು ಎಂದುಕೊಳ್ಳಿ. ತಿಂಗಳಿಗೆ 25,000 ಪಗಾರದ ಹುಡುಗಿ ಆರು ತಿಂಗಳ ರಜೆ ಹೋದರೆ ಒಂದೂವರೆ ಲಕ್ಷ. ಅವಳ ಜಾಗಕ್ಕೆ ಬಂದವರ ಪಗಾರ ಬೇರೆ. ಸರಕಾರದ ಕಡೆಯಿಂದ ಒಂದು ಪೈಸೆ ಇಲ್ಲ.

ನನ್ನ ಅಕ್ಕ ಎರಡು ವರ್ಷದ ಹಿಂದೆ ಒಂದು ಖಾಸಗಿ ಕಂಪೆನಿಗೆ ಇಂಟರ್‌ವ್ಯೂಗೆ ಹೋಗಿದ್ದಳು. ಟ್ಯಾಲಿ, ಜಿ.ಎಸ್.ಟಿ., ಬ್ಯಾಂಕ್ ಹೊಂದಾಣಿಕೆ, ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆ: “ಮದುವೆ ಆಗಿದೆಯಲ್ಲ, ಇನ್ನು ಮುಂದಿನ ಪ್ಲಾನ್ ಏನು?” ಅಕ್ಕ ಕೆಲಸದ ಬಗ್ಗೆ ಕೇಳ್ತಿದ್ದಾರೆ ಅಂದುಕೊಂಡು ಸಿ.ಎ. ಇಂಟರ್ ಕಟ್ಟಬೇಕೂಂತ ಇದ್ದೀನಿ ಅಂದಳು. ಅವರು ನಕ್ಕು, “ಅದಲ್ಲ” ಅಂದರು. ಆಮೇಲೆ “ತಿಳಿಸ್ತೇವೆ” ಅಂದರು. ತಿಳಿಸಲಿಲ್ಲ. ಕೇಳಿದವರು ದುಷ್ಟರು ಅಂತ ನಾನು ಹೇಳೋದಿಲ್ಲ. ಅವರ ತಲೆಯಲ್ಲಿ ಓಡುತ್ತಿದ್ದದ್ದು ಆ ಒಂದೂವರೆ ಲಕ್ಷದ ಲೆಕ್ಕ. ಇನ್ನು ಎರಡು ವರ್ಷಕ್ಕೆ ಅದೇ ಕುರ್ಚಿಯಲ್ಲಿ ನಾನು ಕೂರಬೇಕು, ನಮ್ಮ ತರಗತಿಯ ಇತರ ಹುಡುಗಿಯರೂ ಕೂರಬೇಕು.

ಇದಕ್ಕೆ ದಾರಿಯಿಲ್ಲವೇ? ಇದೆ, ನಮ್ಮ ದೇಶದಲ್ಲೇ ಇದೆ. ಅಂಬೇಡ್ಕರ್ 1942ರಲ್ಲಿ ವೈಸರಾಯರ ಕಾರ್ಯಾಂಗ ಮಂಡಳಿಯ ಕಾರ್ಮಿಕ ಸದಸ್ಯರಾದರು. ಗಣಿಯಲ್ಲಿ ದುಡಿಯುವ ಹೆಂಗಸರ ಹೆರಿಗೆ ಭತ್ಯೆಗೆ ತಿದ್ದುಪಡಿ ತಂದರು. ಕಾರ್ಮಿಕರ ಆರೋಗ್ಯವಿಮೆಯ ಬಗ್ಗೆ ಅದಾರಕರ್ ವರದಿ 1944ರಲ್ಲಿ ಬಂದದ್ದೂ ಆ ಕಾಲದಲ್ಲೇ. ಅದರ ಫಲ 1948ರ ಇ.ಎಸ್.ಐ. ಕಾಯಿದೆ. ಇ.ಎಸ್.ಐ.ಯಲ್ಲಿ 2019ರ ಜುಲೈಯಿಂದ ಮಾಲಿಕನ ಪಾಲು ನೂರಕ್ಕೆ 3.25, ನೌಕರರ ಪಾಲು ನೂರಕ್ಕೆ 0.75. ಇಪ್ಪತ್ತು ಸಾವಿರ ಪಗಾರಕ್ಕೆ ಮಾಲಿಕ ಕೊಡುವುದು 650 ರೂಪಾಯಿ. ಗಂಡಸಿಗೂ 650, ಹೆಂಗಸಿಗೂ 650. ಹೆರಿಗೆಯಾದಾಗ 26 ವಾರದ ಹಣ ನಿಧಿಯಿಂದ ಬರುತ್ತದೆ, ಮಾಲಿಕನ ಗಲ್ಲಾಪೆಟ್ಟಿಗೆಯಿಂದಲ್ಲ. ಹಾಗಾಗಿ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಂಡರೆ ಅವನಿಗೆ ಹೆರಿಗೆ ಭತ್ಯೆಯ ನಷ್ಟವಿಲ್ಲ. ಹೊರೆಯನ್ನು ಎಲ್ಲರ ಹೆಗಲಿಗೂ ಹಂಚಿದರೆ ಯಾರಿಗೂ ಭಾರವಾಗುವುದಿಲ್ಲ ಎಂಬ ವಿಮೆಯ ಮೊದಲ ಪಾಠ ಇದು. ಆದರೆ ಇ.ಎಸ್.ಐ.ಯ ಪಗಾರದ ಮಿತಿ 2017ರಲ್ಲಿ 21,000ಕ್ಕೆ ನಿಂತಿತು. ಅದರ ಮೇಲೆ ಪಗಾರ ಇದ್ದವರು ಮಾಲಿಕನ ಕೈಗೆ. ಸಂಬಳದ ಚೀಟಿಯೇ ಇಲ್ಲದವರು ದೇವರ ಕೈಗೆ.

ಸಂಬಳದ ಚೀಟಿ ಇಲ್ಲದವರ ಮಾತಿಗೆ ಬರೋಣ. ನಮ್ಮ ಚಾಳಿನಲ್ಲಿ ವಿಜಾಪುರದ ಕಡೆಯ ಅಕ್ಕ ಒಬ್ಬರಿದ್ದಾರೆ. ನಾಲ್ಕು ಮನೆಯ ಪಾತ್ರೆ, ಬಟ್ಟೆ. ಬಸುರಿಯಾಗಿದ್ದಾಗ ಎಂಟನೇ ತಿಂಗಳವರೆಗೂ ಬಕೆಟ್ ಎತ್ತಿದರು. ಹೆತ್ತು ನಲವತ್ತು ದಿನ ತುಂಬುವ ಮೊದಲೇ ಕೆಲಸಕ್ಕೆ ಹೊರಟರು. ಯಾಕೆ ಅಂದರೆ, ಇನ್ನೂ ತಡ ಮಾಡಿದರೆ ಬೇರೆ ಬಾಯಿ ಸೇರಿಕೊಳ್ಳುತ್ತಾಳೆ. ಈ ಅಕ್ಕನಿಗೆ 26 ವಾರದ ಪಗಾರ ಕೊಡಬೇಕಾದ ಮಾಲಿಕ ಯಾರು? ನಾಲ್ಕು ಮನೆಯಲ್ಲಿ ಯಾವ ಮನೆ? ಸರಕಾರದ ಮಾತೃ ವಂದನಾ ಯೋಜನೆ ಇದೆಯಲ್ಲ ಅಂತ ಕೇಳಿದೆ. ಮೊದಲ ಹೆರಿಗೆಗೆ ಸಿಕ್ಕಿತ್ತಂತೆ. ಈ ಸಲ ಎರಡನೆಯದು, ಅದೂ ಗಂಡುಮಗು, ಕಾಸಿಲ್ಲ.

ಆ ಯೋಜನೆಯ ಕತೆಯನ್ನೂ ಹೇಳಿಬಿಡುತ್ತೇನೆ. 2013ರ ಆಹಾರ ಭದ್ರತಾ ಕಾಯಿದೆ ಬಸುರಿ–ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದಿತು. 2017ರಲ್ಲಿ ಯೋಜನೆ ಬಂದಾಗ ಅದು ಮೊದಲ ಮಗುವಿಗೆ ಮಾತ್ರ, ಅದೂ 5,000. ಜನನಿ ಸುರಕ್ಷಾ ಯೋಜನೆಯ ಹಣ ಸೇರಿಸಿದರೆ ಸರಾಸರಿ 6,000 ಆಗುತ್ತದೆ ಎಂಬುದು ಸರಕಾರದ ಸಮಾಧಾನ. 2022ರಿಂದ ಎರಡನೆಯದು ಹೆಣ್ಣಾದರೆ 6,000. ಐದು ಸಾವಿರವನ್ನು 26 ವಾರಕ್ಕೆ, ಎಂದರೆ 182 ದಿನಕ್ಕೆ, ಭಾಗಿಸಿ ನೋಡಿ. ದಿನಕ್ಕೆ 27 ರೂಪಾಯಿ ಚಿಲ್ಲರೆ. ನಮ್ಮ ಕಾಲೇಜಿನ ಗೇಟಿನ ಹತ್ತಿರ ಎರಡು ವಡಾಪಾವ್ ಬರೋದಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯ ಖರ್ಚು ಎಂಬ ಪದ್ಧತಿಯಿದೆ. ಸರಕಾರವೂ ತವರಿನವರ ಹಾಗೆ ಚೊಚ್ಚಲಕ್ಕೆ ಬಂದು, ಕುಬುಸದ ಬಟ್ಟೆ ಕೊಟ್ಟು, ಊರಿಗೆ ಹೊರಟುಬಿಡುತ್ತದೆ! ಆದರೆ ರಕ್ತಸ್ರಾವ ‘ಇದು ನಿಮ್ಮ ಎಷ್ಟನೆಯ ಮಗು?’ ಅಂತ ಕೇಳಿ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಸುರಿಯರ ಪೈಕಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು.

ಈಗ ಬಂದೂಕಿನ ಕಡೆಗೆ ತಿರುಗೋಣ. ತೊಟ್ಟಿಲಿನ ಪರ ಮಾತಾಡಿದ ಅಂಬೇಡ್ಕರ್ ಸೈನ್ಯದ ವಿರೋಧಿಯಾಗಿರಲಿಲ್ಲ. ಅವರು ಸುಬೇದಾರರ ಮಗ, ಹುಟ್ಟಿದ್ದೇ ಮಹೂ ಎಂಬ ದಂಡಿನ ಊರಿನಲ್ಲಿ. 1941ರಲ್ಲಿ ಸರಕಾರದ ರಕ್ಷಣಾ ಸಲಹಾ ಮಂಡಳಿಯಲ್ಲಿದ್ದರು. ಮಹಾರರಿಗೆ ಸೈನ್ಯದ ಬಾಗಿಲು ಮತ್ತೆ ತೆರೆಯಬೇಕೆಂದು ಪಟ್ಟು ಹಿಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಆದರೆ ಅದೇ ಅಂಬೇಡ್ಕರ್ ಲೆಕ್ಕ ಕೇಳುವುದನ್ನು ಬಿಡಲಿಲ್ಲ. 1951ರ ಅಕ್ಟೋಬರಿನಲ್ಲಿ ಕಾನೂನು ಮಂತ್ರಿಯ ಕುರ್ಚಿ ಬಿಟ್ಟಾಗ ಕೊಟ್ಟ ಹೇಳಿಕೆಯಲ್ಲಿ, ವರ್ಷದ 350 ಕೋಟಿ ಆದಾಯದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆಯೆಂದು ಎತ್ತಿ ತೋರಿಸಿದರು. ನಮ್ಮ ವಿದೇಶನೀತಿ ಸ್ನೇಹಿತರನ್ನು ಗಳಿಸಿಕೊಡದೆ ಈ ಖರ್ಚನ್ನು ತಂದಿಟ್ಟಿದೆ ಎಂಬುದು ಅವರ ಆಕ್ಷೇಪ. ಅದನ್ನು ಒಪ್ಪಬಹುದು, ಬಿಡಬಹುದು. ಸೈನ್ಯವೂ ಬೇಕು, ಸೈನ್ಯದ ಲೆಕ್ಕವೂ ಬೇಕು ಎನ್ನುವ ಆ ರೀತಿ ನನಗೆ ಹಿಡಿಸಿತು.

ಸರಿ, ಪುಸ್ತಕ ತೆರೆಯೋಣ. 2025–26ರ ಕೇಂದ್ರ ಬಜೆಟ್ಟಿನ ಒಟ್ಟು ವೆಚ್ಚದ ಅಂದಾಜು ಸುಮಾರು 50 ಲಕ್ಷ 65 ಸಾವಿರ ಕೋಟಿ. ಓದುವವರಿಗೆ ಸುಲಭವಾಗಲೆಂದು ಅದನ್ನು ನೂರು ರೂಪಾಯಿ ಮಾಡಿಕೊಳ್ಳುತ್ತೇನೆ. ರಕ್ಷಣಾ ಸಚಿವಾಲಯಕ್ಕೆ 6 ಲಕ್ಷ 81 ಸಾವಿರ ಕೋಟಿ, ಅಂದರೆ ನೂರರಲ್ಲಿ 13 ರೂಪಾಯಿ 45 ಪೈಸೆ. ಆರೋಗ್ಯ ಸಚಿವಾಲಯಕ್ಕೆ 99,858 ಕೋಟಿ, ಅಂದರೆ 1 ರೂಪಾಯಿ 97 ಪೈಸೆ. ಮಾತೃ ವಂದನಾ ಯೋಜನೆ ಸೇರಿರುವ ‘ಸಾಮರ್ಥ್ಯ’ ಎಂಬ ಬಾಬಿಗೆ 2,521 ಕೋಟಿ. ನೂರು ರೂಪಾಯಿಯಲ್ಲಿ 5 ಪೈಸೆ! ಅದರಲ್ಲೇ ಶಿಶುಪಾಲನಾ ಕೇಂದ್ರ ಮುಂತಾದವೂ ಇವೆ. ಆರೋಗ್ಯ ರಾಜ್ಯಗಳ ಹೊಣೆಯೂ ಹೌದು, ರಾಜ್ಯಗಳ ಖರ್ಚು ಇದಕ್ಕೆ ಹೊರತು. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಬೇಡ.

ಈಗ ನನ್ನ ಅಂದಾಜುಪಟ್ಟಿ. ದೇಶದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಮಕ್ಕಳು ಹುಟ್ಟುತ್ತಾರೆ. ತಮಿಳುನಾಡು ತನ್ನ ಬಡ ತಾಯಂದಿರಿಗೆ, ನಗದು ಮತ್ತು ಪೌಷ್ಟಿಕ ಆಹಾರದ ಕಿಟ್ ಸೇರಿಸಿ, 18,000 ರೂಪಾಯಿಯ ನೆರವನ್ನು 2018ರಲ್ಲಿ ನಿಗದಿ ಮಾಡಿತು. ಆ ಯೋಜನೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು. ಮದ್ರಾಸ್ ಶಾಸನಸಭೆಯ ಮೊದಲ ಮಹಿಳಾ ಸದಸ್ಯೆ ಅವರು. ಅಷ್ಟೇ ಹಣವನ್ನು ಬಡವಿ, ಸಿರಿವಂತೆ, ಚೊಚ್ಚಲ, ಎರಡನೆಯದು, ಗಂಡು, ಹೆಣ್ಣು ಎಂದು ನೋಡದೆ ದೇಶದ ಪ್ರತಿ ಹೆರಿಗೆಗೂ ಕೊಟ್ಟರೆ 41,400 ಕೋಟಿ. ನಮ್ಮ ನೂರು ರೂಪಾಯಿಯಲ್ಲಿ 82 ಪೈಸೆ. ರಕ್ಷಣೆಯ 13 ರೂಪಾಯಿ 45 ಪೈಸೆಯನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. ‘ಸೈನ್ಯಕ್ಕೆ ಹೋಗುತ್ತದಲ್ಲ, ತಾಯಂದಿರಿಗೆ ಎಲ್ಲಿಂದ ತರೋಣ?’ ಎಂಬ ಮಾತು 1951ರಲ್ಲಿ ಸಲ್ಲುತ್ತಿತ್ತೇನೋ, ಈಗ ಸಲ್ಲುವುದಿಲ್ಲ.

“ಹೀಗೆ ದುಡ್ಡು ಹಂಚಿದರೆ ಜನ ಹೆತ್ತುಕೊಂಡೇ ಇರ್ತಾರೆ” ಎಂದು ನಮ್ಮ ತರಗತಿಯ ಮಿತ್ರರೊಬ್ಬರು ಹೇಳಿದರು. ಹದಿನೆಂಟು ಸಾವಿರಕ್ಕಾಗಿ ಒಂಬತ್ತು ತಿಂಗಳು ಹೊತ್ತು, ಹೆತ್ತು, ಸಾಕುವವರು ಯಾರಾದರೂ ಇದ್ದರೆ ಅವರಿಗೆ ಲೆಕ್ಕ ಬರೋದಿಲ್ಲ ಎಂದೇ ಅರ್ಥ. ಅಂಕಿಗಳೂ ಬೇರೆಯೇ ಹೇಳುತ್ತವೆ. ಅದೇ 2019–21ರ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.8 ಮಗು, ಕೇರಳದಲ್ಲಿ 1.8, ಕರ್ನಾಟಕದಲ್ಲಿ 1.7. ತಾಯಿಯೂ ಮಗುವೂ ಬದುಕಿ ಉಳಿಯುತ್ತಾರೆ ಎಂಬ ಭರವಸೆ ಇದ್ದಲ್ಲಿ ಜನ ಕಡಿಮೆಯೇ ಹೆರುತ್ತಾರೆ.

ಇನ್ನೊಂದು ಆಕ್ಷೇಪ: ಸರಕಾರದ ದುಡ್ಡು ನೀರಿಗೆ ಹಾಕಿದ ಹಾಗೆ. ಇಲ್ಲ. ಒಂದು ಲಕ್ಷ ಹೆರಿಗೆಗೆ ಸಾಯುವ ತಾಯಂದಿರ ಸಂಖ್ಯೆ ದೇಶದಲ್ಲಿ 2004–06ರಲ್ಲಿ 254 ಇದ್ದದ್ದು 2018–20ಕ್ಕೆ 97ಕ್ಕೆ ಇಳಿಯಿತು. ಕರ್ನಾಟಕದಲ್ಲಿ 213 ಇದ್ದದ್ದು 69 ಆಯಿತು. ಇದು ತಾನಾಗಿ ಆದದ್ದಲ್ಲ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದಳು, 108 ಗಾಡಿ ಬಂತು, ಹೆರಿಗೆ ಆಸ್ಪತ್ರೆಗೆ ಹೋಯಿತು. ಎಲ್ಲದಕ್ಕೂ ಸರಕಾರದ ಹಣ ಬಿತ್ತು. ಆದರೆ ಅದೇ 2018–20ರಲ್ಲಿ ಕೇರಳದ ಸಂಖ್ಯೆ 19, ಮಹಾರಾಷ್ಟ್ರದ್ದು 33. ನಮ್ಮ 69 ಹೆಮ್ಮೆಪಡುವ ಅಂಕಿಯಲ್ಲ.

ಹಣ ಮಂಜೂರಾದರೆ ಸಾಲದು, ಅದು ಏನನ್ನು ಕೊಂಡುಕೊಂಡಿತು ಎಂದೂ ನೋಡಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಸತ್ತರು. ಅವರಿಗೆ ಏರಿಸಿದ ಗ್ಲೂಕೋಸ್‌ನಂಥ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿದರು. ಗಡಿಯಲ್ಲಿ ಜವಾನನ ಬಂದೂಕಿಗೆ ಕಳಪೆ ಗುಂಡು ಬಂದಿದ್ದರೆ ಪಾರ್ಲಿಮೆಂಟಿನಲ್ಲಿ ಎಷ್ಟು ದಿನ ಗದ್ದಲ ನಡೆಯುತ್ತಿತ್ತು, ಯೋಚಿಸಿ. ಐವರು ಬಾಣಂತಿಯರಿಗೆ ನಾವು ಎಷ್ಟು ದಿನ ಕೊಟ್ಟೆವು?

ಇಲ್ಲಿಗೆ ನನ್ನ ವಾದ ಬಂದು ನಿಲ್ಲುತ್ತದೆ. ಗಡಿ ಕಾಯುವ ಖರ್ಚನ್ನು ಗಡಿಯ ಹಳ್ಳಿಗಳವರೇ ಕೊಡಲಿ ಎಂದು ನಾವು ಹೇಳುವುದಿಲ್ಲ. ಮುಂಬಯಿಯವನೂ ಕೊಡುತ್ತಾನೆ, ಮಂಗಳೂರಿನವನೂ ಕೊಡುತ್ತಾನೆ. ಮೊದಲ ಸಲ ದಾಳಿಯಾದರೆ ಮಾತ್ರ ಸೈನ್ಯ ಬರುತ್ತದೆ, ಎರಡನೆಯದಕ್ಕೆ ನಿಮ್ಮ ಪಾಡು ನಿಮಗೆ ಎಂದೂ ಹೇಳುವುದಿಲ್ಲ. ಹಾಗಾದರೆ ದೇಶದ ಮುಂದಿನ ಪೀಳಿಗೆಯನ್ನು ಹೆತ್ತುಕೊಡುವ ಖರ್ಚನ್ನು ಮಾತ್ರ ಹೆತ್ತವಳ ಮನೆಯ ಮೇಲೆ, ಇಲ್ಲವೇ ಅವಳನ್ನು ಕೆಲಸಕ್ಕೆ ಇಟ್ಟುಕೊಂಡ ಒಬ್ಬನ ಮೇಲೆ, ಯಾಕೆ ಹಾಕುತ್ತೇವೆ? ಭದ್ರತೆ ಅಂದರೆ ಸಾವನ್ನು ದೂರ ಇಡುವುದು ತಾನೆ? ಗಡಿಯಲ್ಲೂ ಅದೇ, ಹೆರಿಗೆಕೋಣೆಯಲ್ಲೂ ಅದೇ. ಎರಡನ್ನೂ ಬರೆಯಬೇಕಾದದ್ದು ಸರಕಾರದ ಖಾತೆಗೆ. ಸಂವಿಧಾನದ 42ನೆಯ ವಿಧಿ ಹೆರಿಗೆಯ ಪರಿಹಾರಕ್ಕೆ ಏರ್ಪಾಡು ಮಾಡಬೇಕೆಂದು ಸರಕಾರಕ್ಕೇ ಹೇಳಿದೆ, ಮಾಲಿಕನಿಗಲ್ಲ.

ಚುನಾವಣೆ ಬಂದಾಗ ಮತ ಕೇಳಲು ನಮ್ಮ ಚಾಳಿಗೂ ಜನ ಬರುತ್ತಾರೆ. ನಮ್ಮಲ್ಲಿ ಬಹಳ ಮಂದಿಗೆ ಮತದ ಹಕ್ಕು ಬಂದಿದೆ. ಆಗ ಎರಡೇ ಪ್ರಶ್ನೆ ಕೇಳೋಣ. ಮೊದಲ ಮಗು ಎಂಬ ಷರತ್ತು ಯಾವಾಗ ತೆಗೆಯುತ್ತೀರಿ? ಹೆರಿಗೆ ರಜೆಯ ಹಣಕ್ಕೆ ಸರಕಾರದ ಪಾಲು ಸೇರಿದ ನಿಧಿ ಯಾವಾಗ ಮಾಡುತ್ತೀರಿ? ಉತ್ತರವನ್ನು ಭಾಷಣದಲ್ಲಿ ಕೊಡೋದು ಬೇಡ, ಅಂಕಿಯಲ್ಲಿ ಕೊಡಲಿ. ನನ್ನ ಲೆಕ್ಕದಲ್ಲಿ ತಪ್ಪಿದೆ ಎನ್ನುವವರು, ಅದರಲ್ಲೂ ಚರ್ಚಾಸ್ಪರ್ಧೆಯಲ್ಲಿ ಗುಡುಗಿದ ಮಿತ್ರರು, ಮುಂದಿನ ಸಂಚಿಕೆಗೆ ಅವಶ್ಯ ಬರೆಯಲಿ. ಬರೆಯುವಾಗ ದಯವಿಟ್ಟು ಪೈಸೆ ಸಮೇತ ಬರೆಯಲಿ.